ಕೋನ್‌ಸೆಟ್ಟಿನ ತಲೆಗೆ ಕಟ್ಟಿದ ಟಕ್ ಶಬ್ದ

ಜುಲೈ ತಿಂಗಳ ಒಂದು ಶನಿವಾರ, ಸಂಜೆ ನಾಲ್ಕೂವರೆ. ಹೊಡೆದ ಮಳೆ ಆಗಷ್ಟೇ ನಿಂತಿತ್ತು. ಉಡುಪಿ ಹತ್ತಿರದ ಪರ್ಕಳದ ನಮ್ಮ ಗ್ಯಾರೇಜಿನ ಎದುರು ಅಜೆಕಾರು ಕಡೆಯ ಹುಡುಗನೊಬ್ಬ ಬೈಕ್ ತಂದು ನಿಲ್ಲಿಸಿದ. ಇಳಿಯಲೇ ಇಲ್ಲ. "ಅಣ್ಣ, ಮೊದಲು ಇದನ್ನೊಂದು ಕೇಳಿ" ಎಂದವನೇ ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ಅಲ್ಲಾಡಿಸಿದ. ಟಕ್, ಟಕ್. ಕಿವಿಗೆ ಕೇಳುವುದಕ್ಕಿಂತ ಹ್ಯಾಂಡಲ್ ಹಿಡಿದ ಕೈಗೆ ಹೆಚ್ಚು ಗೊತ್ತಾಗುವ ಪೆಟ್ಟು.

"ಮೂರು ಕಡೆ ತೋರಿಸಿ ಆಯ್ತು. ಒಬ್ರು ಕೋನ್‌ಸೆಟ್ ಟೈಟ್ ಮಾಡಿದ್ರು. ಇನ್ನೊಬ್ರು ಕೋನ್‌ಸೆಟ್ಟೇ ಹೊಸತು ಹಾಕಿದ್ರು. ಮತ್ತೊಬ್ರು ವೀಲ್ ಬೇರಿಂಗ್, ಪ್ಯಾಡ್ ಎರಡೂ ಚೇಂಜ್ ಮಾಡಿ ಕೊಟ್ರು. ಶಬ್ದ ಮಾತ್ರ ಇದ್ದ ಹಾಗೇ ಉಂಟು."

ಕೋನ್‌ಸೆಟ್ ಎಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್. ಬೈಕ್ ಡರ್ಟ್ ಬೈಕ್ ಜಾತಿಯದ್ದು, ಆದರೆ ನಂಬರ್ ಪ್ಲೇಟ್ ಇರುವಂಥದ್ದು. 21 ಇಂಚಿನ ಮುಂದಿನ ಚಕ್ರ, ಅದನ್ನು ಹಿಡಿಯುವ ಉದ್ದನೆಯ ಫೋರ್ಕ್, ಎಡಗಡೆ ಒಂದೇ ಡಿಸ್ಕ್, ಬ್ರೇಕ್ ಪ್ಯಾಡುಗಳನ್ನು ಆ ಡಿಸ್ಕಿಗೆ ಒತ್ತುವ, ಎರಡು ಪಿಸ್ಟನ್ನಿನ ಜಾರುವ ಕ್ಯಾಲಿಪರ್. ಕಂಪನಿಯ ಹೆಸರು ಬರೆಯುವುದಿಲ್ಲ. ಇದರಲ್ಲಿ ಕಂಪನಿಯ ತಪ್ಪೇನೂ ಇಲ್ಲ, ಇಂಥದೇ ಕ್ಯಾಲಿಪರ್ ಎಷ್ಟೋ ಬೈಕುಗಳಲ್ಲಿ ಇದೆ. ಈ ಬೈಕಿನ ಕೆಲಸ ಅಡಿಕೆ ತೋಟದ್ದು. ಮನೆಯಿಂದ ತೋಟಕ್ಕೆ ಇಳಿಯುವ ಮಣ್ಣಿನ ದಾರಿ, ಅದರಲ್ಲಿ ಮಳೆಗೆ ಎದ್ದ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು), ಎರಡು ಕಡೆ ತೋಡು ದಾಟಬೇಕು. ವಾರಕ್ಕೊಮ್ಮೆ ಪೇಟೆ. ಎರಡು ತಿಂಗಳಿಗೊಮ್ಮೆ ಗೆಳೆಯರೊಟ್ಟಿಗೆ ಆಗುಂಬೆ. ಅಂದರೆ ಬೈಕ್ ಯಾವ ಕೆಲಸಕ್ಕೆ ಹುಟ್ಟಿದೆಯೋ ಅದೇ ಕೆಲಸ ಮಾಡುತ್ತಿದೆ. ಮುಂಭಾಗ ಪೂರ್ತಿ ಕೆಂಪು ಕೆಸರು. ಕ್ಯಾಲಿಪರಿನ ಮೇಲೆ ಮಾತ್ರ ತಿಳಿ ನೀಲಿ ಕಲೆ.

ಆ ನೀಲಿ ಏನೆಂದು ಕೇಳಬೇಕಾಗಲಿಲ್ಲ. ಕೊಳೆರೋಗಕ್ಕೆ ಮದ್ದು ಬಿಡುವ ಸಮಯ. ಮೈಲುತುತ್ತು ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಮರದ ತುದಿಯಿಂದ ಹನಿಯುತ್ತಿರುವಾಗ ಬುಡದಲ್ಲಿ ನಿಲ್ಲಿಸಿದ ಬೈಕಿಗೂ ಪಾಲು ಸಿಗುತ್ತದೆ. ಮೈಲುತುತ್ತಿನ ನೀರು ಅಲ್ಯೂಮಿನಿಯಂ, ಕಬ್ಬಿಣ ಎರಡನ್ನೂ ತಿನ್ನುತ್ತದೆ. ಹಾಗಾಗಿ ಮೊದಲ ಅನುಮಾನ ನನಗೆ ಅದರ ಮೇಲೆಯೇ ಹೋಯಿತು. ಅದು ದಾರಿ ತಪ್ಪಿಸಿದ ಅನುಮಾನ. ಆ ಕತೆ ಮುಂದೆ ಬರುತ್ತದೆ.

ಶಬ್ದ ಒಂದಲ್ಲ, ಎರಡು

ಸ್ಪ್ಯಾನರ್ ಎತ್ತುವ ಮೊದಲು ಅವನನ್ನು ಬೆಂಚಿನಲ್ಲಿ ಕೂರಿಸಿ ಕೇಳಿದೆ. ಯಾವಾಗ ಬರುತ್ತದೆ? ಬ್ರೇಕ್ ಹಿಡಿದಾಗಲೋ, ಬಿಟ್ಟಾಗಲೋ? ಒಂದು ಸಲವೋ, ಸಾಲಾಗಿಯೋ? ಚಕ್ರ ಒಂದು ಸುತ್ತು ಬಂದ ಹಾಗೆಲ್ಲ ಒಂದು ಸಲ ಬರುತ್ತದೋ?

ಕೊನೆಯ ಪ್ರಶ್ನೆಗೆ ಬಹಳ ತೂಕ ಇದೆ. ಚಕ್ರದ ಸುತ್ತಿಗೆ ತಾಳ ಹಾಕಿದ ಹಾಗೆ ಬರುವ ಶಬ್ದ ತಿರುಗುವ ವಸ್ತುವಿನದ್ದು: ಬಾಗಿದ ಡಿಸ್ಕ್, ಸಡಿಲಾದ ಡಿಸ್ಕ್ ಬೋಲ್ಟ್, ಡಿಸ್ಕಿಗೆ ಸಿಕ್ಕಿಕೊಂಡ ಕಲ್ಲು. ರಸ್ತೆಯ ಗುಂಡಿಗೆ ತಾಳ ಹಾಕುವ ಶಬ್ದ ನೇತಾಡುವ ವಸ್ತುವಿನದ್ದು. ಬ್ರೇಕ್ ಹಿಡಿದ ಕ್ಷಣಕ್ಕೆ ಒಂದೇ ಸಲ ಬರುವುದು ಎಲ್ಲೋ ಒಂದು ಭಾಗ ತನ್ನ ಜಾಗ ಬದಲಾಯಿಸುವ ಶಬ್ದ.

ಹುಡುಗ ಸ್ವಲ್ಪ ಯೋಚಿಸಿ ಹೇಳಿದ್ದು ಇಷ್ಟು. ಮಣ್ಣಿನ ದಾರಿಯಲ್ಲಿ ನಿಧಾನಕ್ಕೆ ಹೋಗುವಾಗ ಟಿಕಿಟಿಕಿ ಅಂತ ಬರುತ್ತದೆ, ಡಬ್ಬದಲ್ಲಿ ಚಿಲ್ಲರೆ ಹಾಕಿ ಕುಲುಕಿದ ಹಾಗೆ. ಬ್ರೇಕಿನ ಮೇಲೆ ಒಂದು ಬೆರಳು ಇಟ್ಟರೆ ಸಾಕು, ನಿಲ್ಲುತ್ತದೆ. ಇನ್ನೊಂದು, ಗೇಟಿನ ಹತ್ತಿರ ಬ್ರೇಕ್ ಹಿಡಿದಾಗ ಒಂದು ಟಕ್. ಬ್ರೇಕ್ ಬಿಟ್ಟು ಬೈಕ್ ಹಿಂದೆ ತಳ್ಳಿ ಮತ್ತೆ ಹಿಡಿದರೆ ಮತ್ತೊಂದು ಟಕ್.

"ಇದು ಎರಡು ಶಬ್ದ ಮಾರಾಯ, ನೀನು ಒಂದು ಅಂತ ಹೇಳಿಕೊಂಡು ತಿರುಗಿದ್ದು" ಎಂದೆ. ಅವನು ಹೇಳಿದ್ದರಲ್ಲಿ ಬಂಗಾರದ ಮಾತು "ಬೆರಳು ಇಟ್ಟರೆ ನಿಲ್ಲುತ್ತದೆ" ಎನ್ನುವುದು. ಬ್ರೇಕ್ ಮುಟ್ಟಿದರೆ ಮಾಯವಾಗುವ ಶಬ್ದ ಕೋನ್‌ಸೆಟ್ಟಿನದ್ದಾಗಲು ಸಾಧ್ಯವಿಲ್ಲ. ಕೋನ್‌ಸೆಟ್ಟಿಗೆ ಬ್ರೇಕಿನ ಹಂಗೇ ಇಲ್ಲ. ಮೂರು ಕಡೆಯೂ ಈ ಮಾತನ್ನು ಯಾರಾದರೂ ಕೇಳಿದ್ದರೆ ಅವನ ನಾಲ್ಕು ಸಾವಿರ ಉಳಿಯುತ್ತಿತ್ತು.

ಹಾಗಂತ ಅವರನ್ನು ದೂರುವುದಕ್ಕೂ ಮನಸ್ಸಿಲ್ಲ. ಅವರು ಮಾಡಿದ್ದು ನಾವೆಲ್ಲ ಕಲಿತ ಪರೀಕ್ಷೆಯನ್ನೇ. ಕೋನ್‌ಸೆಟ್ ನೋಡಬೇಕೇ, ಮುಂದಿನ ಬ್ರೇಕ್ ಬಿಗಿಯಾಗಿ ಹಿಡಿ, ಬೈಕನ್ನು ಹಿಂದೆ ಮುಂದೆ ಅಲ್ಲಾಡಿಸು, ಟಕ್ ಎಂದರೆ ಕೋನ್‌ಸೆಟ್ ಹೋಗಿದೆ. ನನ್ನ ಗುರುಗಳು ಹೇಳಿಕೊಟ್ಟದ್ದೂ ಅದೇ, ನಾನು ಹುಡುಗರಿಗೆ ಹೇಳಿಕೊಟ್ಟದ್ದೂ ಅದೇ. ಡ್ರಮ್ ಬ್ರೇಕಿನ ಕಾಲದಲ್ಲಿ ಅದು ಸುಮಾರಾಗಿ ನಡೆಯುತ್ತಿತ್ತು. ಜಾರುವ ಕ್ಯಾಲಿಪರ್ ಇರುವ ಬೈಕಿನಲ್ಲಿ ಈ ಪರೀಕ್ಷೆಗೆ ಒಂದು ಕೆಟ್ಟ ಗುಣ ಇದೆ. ಬ್ರೇಕ್ ಹಿಡಿದ ಕೂಡಲೇ ಪ್ಯಾಡ್, ಪಿನ್, ಕ್ಯಾಲಿಪರನ್ನು ಫೋರ್ಕಿಗೆ ಹಿಡಿಯುವ ಬ್ರಾಕೆಟ್ ಎಲ್ಲದರ ಸಡಿಲವೂ ಆ ಅಲ್ಲಾಟದೊಳಗೆ ಸೇರಿಕೊಳ್ಳುತ್ತದೆ. ಕಳ್ಳನನ್ನು ಹಿಡಿಯಲು ಹೋದವನು ಕಳ್ಳನ ಕೈಯಲ್ಲೇ ಟಾರ್ಚ್ ಕೊಟ್ಟ ಹಾಗೆ.

ಎರಡು ಮುರಕಲ್ಲು

ಗ್ಯಾರೇಜಿನ ಹಿಂದೆ ಕಂಪೌಂಡಿಗೆಂದು ತರಿಸಿದ ಮುರಕಲ್ಲು ರಾಶಿ ಇತ್ತು. ಎರಡನ್ನು ತಂದು, ಮುಂದಿನ ಚಕ್ರದ ಎದುರಿಗೊಂದು, ಹಿಂದಕ್ಕೊಂದು ಒತ್ತಿ ಇಟ್ಟೆವು. ಚಕ್ರ ಉರುಳದ ಹಾಗೆ ಸಿಕ್ಕಿಕೊಂಡಿತು. ಈಗ ಬ್ರೇಕ್ ಮುಟ್ಟದೆ ಹ್ಯಾಂಡಲ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದೆ. ಫೋರ್ಕ್ ಸ್ವಲ್ಪ ಕುಸಿದು ಎದ್ದಿತು. ಶಬ್ದ ಇಲ್ಲ. ಇನ್ನೂ ಜೋರಾಗಿ ಅಲ್ಲಾಡಿಸಿದೆ. ಊಹೂಂ. ಹಾಗೆಯೇ ಅಲ್ಲಾಡಿಸುತ್ತ ಬ್ರೇಕ್ ಹಿಡಿದು, ಒಂದು ಕಲ್ಲನ್ನು ಕಾಲಿನಿಂದ ಸರಿಸಿದೆ. ಟಕ್.

ಇಷ್ಟೇ ಪರೀಕ್ಷೆ. ಹತ್ತು ನಿಮಿಷವೂ ಬೇಡ, ಬೋಲ್ಟ್ ಒಂದೂ ಬಿಚ್ಚಬೇಕಾಗಿಲ್ಲ. ಬ್ರೇಕ್ ಬಿಟ್ಟು ಅಲ್ಲಾಡಿಸಿದಾಗಲೂ ಶಬ್ದ ಬಂದರೆ ಕೋನ್‌ಸೆಟ್ ಅಥವಾ ಫೋರ್ಕಿನ ಒಳಗಿನ ಬಳೆಯಂಥ ಬುಶ್. ಬ್ರೇಕ್ ಹಿಡಿದಾಗ ಮಾತ್ರ ಬಂದರೆ ಬ್ರೇಕಿನದ್ದೇ. ಹುಡುಗ ಮುಖ ಸಣ್ಣ ಮಾಡಿಕೊಂಡು ನೋಡುತ್ತಿದ್ದ. ಹೊಸ ಕೋನ್‌ಸೆಟ್ಟಿನ ದುಡ್ಡು ನೆನಪಾಗಿರಬೇಕು.

ಕೋನ್‌ಸೆಟ್ಟನ್ನೂ ಒಮ್ಮೆ ನೋಡಿಬಿಡೋಣ ಎಂದು ಇಂಜಿನ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಮುಂದಿನ ಚಕ್ರ ಎತ್ತಿದೆವು. ಹ್ಯಾಂಡಲನ್ನು ನಡುವಿನಿಂದ ಒಂದು ಚೂರು ದೂಡಿದರೆ ಅದರ ಭಾರಕ್ಕೆ ಅದೇ ಒಂದು ಕಡೆಗೆ ವಾಲಬೇಕು. ಇದು ದೂಡಿದಲ್ಲೇ ನಿಂತಿತು. ಶಬ್ದ ಹೋಗಲಿ ಎಂದು ಬಿಗಿದು, ಹೋಗದಿದ್ದಾಗ ಇನ್ನೊಂದು ಸುತ್ತು ಬಿಗಿದಿದ್ದಾರೆ. "ತಿರುವಿನಲ್ಲಿ ಬೈಕ್ ಎಳೆದ ಹಾಗೆ ಆಗ್ತದಾ?" ಎಂದು ಕೇಳಿದೆ. "ಹೌದಣ್ಣ, ಟಯರ್ ಸವೆದದ್ದು ಅಂತ ಅಂದುಕೊಂಡೆ." ಇಷ್ಟು ಬಿಗಿದ ಕೋನ್‌ಸೆಟ್ಟಿನಲ್ಲಿ ಕೆಲವು ತಿಂಗಳು ಓಡಿಸಿದರೆ ಗೋಲಿಗಳು ಬಟ್ಟಲಿನಲ್ಲಿ ಗುಳಿ ಮಾಡುತ್ತವೆ, ಆಮೇಲೆ ಹ್ಯಾಂಡಲ್ ನೇರ ಬಂದಾಗಲೆಲ್ಲ ಕಚ್ಚಿ ನಿಲ್ಲುತ್ತದೆ. ಪುಣ್ಯಕ್ಕೆ ಇನ್ನೂ ಗುಳಿ ಬಿದ್ದಿರಲಿಲ್ಲ. ಸಡಿಲ ಮಾಡಿ, ಫೋರ್ಕಿನ ಬುಡ ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿ, ಅಲುಗೂ ಇಲ್ಲದ ಬಿಗಿಯೂ ಇಲ್ಲದ ಜಾಗದಲ್ಲಿ ಲಾಕ್ ನಟ್ ಕೂರಿಸಿದೆ.

ಚಕ್ರ ಎತ್ತಿದ್ದಾಗಲೇ ಉಳಿದವನ್ನೂ ಕೈಯಲ್ಲಿ ನೋಡಿದ್ದಾಯಿತು. ಚಕ್ರದ ಮೇಲೆ ಕೆಳಗೆ ಹಿಡಿದು ತಿರುಚಿದೆ, ಬೇರಿಂಗಿನಲ್ಲಿ ಅಲುಗಿಲ್ಲ, ಹೊಸತೇ ತಾನೆ. ಫೋರ್ಕಿನ ಸೀಲ್ ಹತ್ತಿರ ಬೆರಳಿಟ್ಟು ಅಲ್ಲಾಡಿಸಿದೆ, ಬುಶ್ ಸರಿ ಇದೆ. ಡಿಸ್ಕ್ ಬೋಲ್ಟ್ ಬಿಗಿ. ಫೋರ್ಕಿಗೆ ಒಂದು ತಂತಿ ಕಟ್ಟಿ ತುದಿಯನ್ನು ಡಿಸ್ಕಿನ ಅಂಚಿಗೆ ತಾಗಿಸಿ ಚಕ್ರ ತಿರುಗಿಸಿದೆ. ಸಂದು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ, ಡಿಸ್ಕ್ ಬಾಗಿಲ್ಲ. ಚಕ್ರದ ನಡುವಿನ ಹಬ್ಬಿನಲ್ಲಿ ಎಬಿಎಸ್ಸಿನ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆಯ) ಹಲ್ಲಿನ ಚಕ್ರ, ಅದರ ಸೆನ್ಸರ್ ಎರಡೂ ಜಾಗದಲ್ಲಿವೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ ಆದ ಮೇಲೆ ಇದೂ ಒಂದು ನೋಡಬೇಕಾದ ಜಾಗ. ಚಕ್ರ ಬಿಚ್ಚಿ ಹಾಕುವಾಗ ಸೆನ್ಸರ್ ಬಾಗಿದರೆ ಹಲ್ಲಿಗೆ ತಾಗಿ ಸಣ್ಣಗೆ ಟಿಕ್ ಎನ್ನುತ್ತದೆ.

ಕ್ಯಾಲಿಪರಿನ ಒಳಗೆ

ಇನ್ನು ಕ್ಯಾಲಿಪರ್. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಅಲ್ಲಾಡಿತು. ಹುಡುಗ ಕೂಡಲೇ, "ಹಾ, ಇದೇ ಲೂಸ್!" ಎಂದ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಜಾರುವ ಕ್ಯಾಲಿಪರ್ ಅಲ್ಲಾಡಲೇಬೇಕು. ಅದರ ಪಿಸ್ಟನ್ ಎರಡೂ ಒಂದೇ ಬದಿಯಲ್ಲಿವೆ. ಬ್ರೇಕ್ ಹಿಡಿದಾಗ ಅವು ಆ ಬದಿಯ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತವೆ, ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಪಿನ್ನುಗಳ ಮೇಲೆ ಜಾರಿ ಎದುರಿನ ಪ್ಯಾಡನ್ನೂ ಎಳೆದು ತರುತ್ತದೆ. ಜಾರಬೇಕಾದದ್ದು ಜಾರದಿದ್ದರೆ ಒಂದೇ ಪ್ಯಾಡ್ ಸವೆದು ಹೋಗುತ್ತದೆ. ಆದ್ದರಿಂದ ಚಕ್ರದ ಅಡ್ಡಕ್ಕೆ, ಅಂದರೆ ಎಡಕ್ಕೂ ಬಲಕ್ಕೂ, ಸರಿದರೆ ಅದು ಅದರ ಧರ್ಮ. ಚಕ್ರ ತಿರುಗುವ ದಿಕ್ಕಿನಲ್ಲಿ, ಅಂದರೆ ಮೇಲಕ್ಕೂ ಕೆಳಕ್ಕೂ, ಅಲ್ಲಾಡಿದರೆ ಅದು ಕಾಯಿಲೆ. ಪ್ಲೇ, ಅಂದರೆ ಸಡಿಲ, ಉಂಟೋ ಇಲ್ಲವೋ ಎಂದು ಕೇಳಿದರೆ ಉತ್ತರ ಯಾವಾಗಲೂ "ಉಂಟು" ಎಂದೇ. ಯಾವ ದಿಕ್ಕಿಗೆ ಉಂಟು ಎಂದು ಕೇಳಬೇಕು.

ಬ್ರಾಕೆಟ್ಟಿನ ಎರಡು ಬೋಲ್ಟ್ ಬಿಚ್ಚಿ ಕ್ಯಾಲಿಪರ್ ಇಳಿಸಿದೆ. ಬ್ರೇಕ್ ಪೈಪಿನಲ್ಲಿ ನೇತಾಡಲು ಬಿಡಲಿಲ್ಲ, ತಂತಿಯಲ್ಲಿ ಫೋರ್ಕಿಗೆ ಕಟ್ಟಿದೆ. ಹೊಸ ಹುಡುಗರು ಇದನ್ನು ಮರೆಯುತ್ತಾರೆ. ಇನ್ನೊಂದು ಮರೆಯುವುದು, ಕ್ಯಾಲಿಪರ್ ಕೆಳಗಿರುವಾಗ ಯಾರೂ ಬ್ರೇಕ್ ಲಿವರ್ ಮುಟ್ಟಬಾರದು. ಡಿಸ್ಕ್ ಇಲ್ಲದೆ ಒತ್ತಿದರೆ ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ನಮ್ಮಲ್ಲಿ ಒಮ್ಮೆ ಗಿರಾಕಿಯ ಮಗು ಒತ್ತಿ, ಬ್ರೇಕ್ ಆಯಿಲ್ ಟ್ಯಾಂಕಿನ ಮೇಲೆಲ್ಲ ಹಾರಿ ಪೇಂಟ್ ಎದ್ದು ಬಂದಿತ್ತು. ಅಂದಿನಿಂದ ಲಿವರಿಗೆ ಒಂದು ಹಳೇ ಬಟ್ಟೆ ಸುತ್ತುವ ಪದ್ಧತಿ.

ಬ್ಯಾಟರಿ ಬೆಳಕಿನಲ್ಲಿ ಮೊದಲು ಕಂಡದ್ದು ಇಲ್ಲದ ವಸ್ತು. ಪ್ಯಾಡಿನ ಒಂದು ತುದಿಯ ತೂತಿನಲ್ಲಿ ಪಿನ್ ಹಾದು ಹೋಗುತ್ತದೆ, ಅದರಲ್ಲಿ ಪ್ಯಾಡ್ ನೇತಾಡುತ್ತದೆ. ಇನ್ನೊಂದು ತುದಿಯ ಕಿವಿ ಬ್ರಾಕೆಟ್ಟಿನ ಕಚ್ಚಿನಲ್ಲಿ ಕೂರುತ್ತದೆ. ಆ ಕಚ್ಚಿನಲ್ಲಿ ಸ್ಟೀಲಿನ ತೆಳು ತಗಡಿನ ಒಂದು ಕ್ಲಿಪ್ ಇರಬೇಕು. ಅದು ಪ್ಯಾಡಿನ ಕಿವಿಗೂ ಅಲ್ಯೂಮಿನಿಯಂ ಬ್ರಾಕೆಟ್ಟಿಗೂ ನಡುವೆ ಹಾಸಿಗೆಯ ಹಾಗೆ. ಇಲ್ಲಿ ಹಾಸಿಗೆಯೇ ಇಲ್ಲ. ಕಚ್ಚಿನ ಗೋಡೆ ಬೋಳು, ಪ್ಯಾಡಿನ ಕಿವಿ ಬಡಿದು ಬಡಿದು ಅಲ್ಲಿ ಬೆಳ್ಳಗೆ ಹೊಳೆಯುವ ಒಂದು ತಗ್ಗು. ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು.

ಪ್ಯಾಡ್ ಬದಲಾಯಿಸುವಾಗ ಹಳೇ ಪ್ಯಾಡಿನ ಕೆಸರಿಗೆ ಅಂಟಿಕೊಂಡು ಕ್ಲಿಪ್ ಬಂದಿರುತ್ತದೆ. ಹಳೇ ಪ್ಯಾಡ್ ಗುಜರಿ ಡಬ್ಬಕ್ಕೆ, ಜೊತೆಗೆ ಕ್ಲಿಪ್ಪೂ. ಹೊಸ ಪ್ಯಾಡಿನ ಪೊಟ್ಟಣದಲ್ಲಿ ಕ್ಲಿಪ್ ಎಲ್ಲ ಸಲವೂ ಬರುವುದಿಲ್ಲ. ಆದರೆ ಶಬ್ದ ಪ್ಯಾಡ್ ಬದಲಾಯಿಸುವ ಮೊದಲೇ ಇತ್ತಲ್ಲ? ಹುಡುಗನನ್ನು ಕೇಳಿದೆ. ಹೋದ ಡಿಸೆಂಬರಿನಲ್ಲೂ ಒಮ್ಮೆ ಪ್ಯಾಡ್ ಬದಲಾಯಿಸಿದ್ದನಂತೆ, ಶಬ್ದ ಜನವರಿಯಿಂದ. ಲೆಕ್ಕ ಸರಿ ಹೋಯಿತು.

ಎರಡನೆಯದು, ಕ್ಯಾಲಿಪರಿನ ಒಳಗಿನ ಪ್ಯಾಡ್ ಸ್ಪ್ರಿಂಗ್. ಇದೂ ತಗಡಿನದೇ, ಎರಡು ರೆಕ್ಕೆ ಇರುವಂಥದ್ದು. ರೆಕ್ಕೆಗಳು ಪ್ಯಾಡುಗಳನ್ನು ಒತ್ತಿ ಹಿಡಿದು ಕುಲುಕದ ಹಾಗೆ ನೋಡಿಕೊಳ್ಳುತ್ತವೆ. ಇಲ್ಲಿ ಅದನ್ನು ತಿರುಗಿಸಿ ಹಾಕಿದ್ದಾರೆ. ಕೂರುವುದೇನೋ ಕೂರುತ್ತದೆ, ಅದೇ ತೊಂದರೆ. ರೆಕ್ಕೆ ಪ್ಯಾಡಿಗೆ ತಾಗಿಯೂ ತಾಗದ ಹಾಗೆ ನಿಂತಿತ್ತು. ಟಿಕಿಟಿಕಿಯ ಮೂಲ ಇದು. ಬ್ರೇಕಿನ ಮೇಲೆ ಬೆರಳಿಟ್ಟರೆ ಪ್ಯಾಡ್ ಡಿಸ್ಕಿಗೆ ಒತ್ತಿಕೊಂಡು ಕುಲುಕುವುದು ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು.

ದೊಡ್ಡ ಟಕ್ ಎಲ್ಲಿಯದು? ಕ್ಯಾಲಿಪರ್ ಇರುವುದು ಫೋರ್ಕಿನ ಹಿಂದೆ. ಬೈಕ್ ಮುಂದೆ ಹೋಗುವಾಗ ಚಕ್ರದ ಆ ಭಾಗ ಮೇಲಕ್ಕೆ ಏರುತ್ತಿರುತ್ತದೆ. ಬ್ರೇಕ್ ಹಿಡಿದರೆ ಡಿಸ್ಕ್ ಪ್ಯಾಡನ್ನೂ ಮೇಲಕ್ಕೆ ಎಳೆದೊಯ್ದು ಕಚ್ಚಿನ ಗೋಡೆಗೆ ಕುಕ್ಕುತ್ತದೆ. ಬೈಕನ್ನು ಹಿಂದೆ ತಳ್ಳಿದರೆ ಕೆಳಕ್ಕೆ ಎಳೆಯುತ್ತದೆ. ಅದಕ್ಕೇ ಹಿಂದೆ ತಳ್ಳಿ ಮತ್ತೆ ಮುಂದೆ ಬಂದಾಗ ಒಂದೊಂದೇ ಟಕ್. ಕ್ಲಿಪ್ ಇದ್ದರೆ ಕೂದಲೆಳೆಯಷ್ಟು ಇರುವ ಜಾಗ, ಕ್ಲಿಪ್ಪಿಲ್ಲದೆ ತಗ್ಗೂ ಬಿದ್ದ ಮೇಲೆ ದುಪ್ಪಟ್ಟು ಮೂರುಪಟ್ಟು.

ಪ್ಯಾಡಿನ ಪಿನ್ನನ್ನು ಒರೆಸಿ ಬೆಳಕಿಗೆ ಹಿಡಿದೆ. ಪ್ಯಾಡ್ ಕೂರುವ ಎರಡು ಜಾಗದಲ್ಲಿ ಮೆಟ್ಟಿಲು ಬಿದ್ದಿತ್ತು. ಎಮರಿ ಪೇಪರಿನಲ್ಲಿ ಉಜ್ಜಿ ಹಾಕುವವರಿದ್ದಾರೆ. ಮೆಟ್ಟಿಲಿಗೆ ಪ್ಯಾಡ್ ಸಿಕ್ಕಿ ಹಿಂದೆ ಸರಿಯದೆ ಹೋದರೆ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ, ಇಂಥದ್ದಕ್ಕೆ ಹೊಸ ಪಿನ್ ಹಾಕುವುದೇ ಸರಿ. ಸ್ಪೇರ್ ಅಂಗಡಿಗೆ ಫೋನ್ ಮಾಡಿ, ನನ್ನೊಟ್ಟಿಗಿರುವ ಹುಡುಗನನ್ನು ಉಡುಪಿಗೆ ಓಡಿಸಿದೆ. ಪಿನ್, ಕ್ಲಿಪ್ ಎರಡೂ ಸಿಕ್ಕಿತು.

ಲಿವರಿನ ವಿಷಯ

ಕಾಯುವ ಹೊತ್ತಿನಲ್ಲಿ ಲಿವರ್ ನೋಡಿದೆ, ಎದೆ ಒಮ್ಮೆ ಝಲ್ ಎಂದಿತು. ಲಿವರಿನಲ್ಲಿ ಆಟವೇ ಇಲ್ಲ. ಮುಟ್ಟಿದ ಕೂಡಲೇ ಬ್ರೇಕ್. "ಅದು ನಾನೇ ಮಾಡಿದ್ದು. ಪ್ಲೇ ಇತ್ತಲ್ಲ, ಶಬ್ದ ಅದರದ್ದಾ ಅಂತ ಸ್ಕ್ರೂ ಟೈಟ್ ಮಾಡಿದೆ" ಎಂದ ಹುಡುಗ. ಹೆಮ್ಮೆಯಿಂದಲೇ ಹೇಳಿದ.

ಈ ಬೈಕಿನಲ್ಲಿ ಲಿವರಿನ ಹಿಂದೆ ಲಾಕ್ ನಟ್ ಇರುವ ಒಂದು ಸ್ಕ್ರೂ ಇದೆ. ಅದರ ತುದಿಯೇ ಮಾಸ್ಟರ್ ಸಿಲಿಂಡರಿನ, ಅಂದರೆ ಬ್ರೇಕ್ ಆಯಿಲನ್ನು ಕ್ಯಾಲಿಪರಿಗೆ ತಳ್ಳುವ ಸಿಲಿಂಡರಿನ, ಪಿಸ್ಟನ್ನನ್ನು ಒತ್ತುವುದು. ಸಿಲಿಂಡರಿನ ಒಳಗೆ ಸೂಜಿಮೊನೆಯಷ್ಟು ಸಣ್ಣ ತೂತೊಂದು ಬ್ರೇಕ್ ಆಯಿಲಿನ ಡಬ್ಬಿಗೆ ದಾರಿ. ಲಿವರ್ ಬಿಟ್ಟಾಗ ಪಿಸ್ಟನ್ ಪೂರ್ತಿ ಹಿಂದೆ ಸರಿದು ಆ ತೂತನ್ನು ತೆರೆದಿಡಬೇಕು. ಬಿಸಿಯಾಗಿ ಹಿಗ್ಗಿದ ಆಯಿಲ್ ಅದರ ಮೂಲಕ ಡಬ್ಬಿಗೆ ವಾಪಸು ಹೋಗುತ್ತದೆ. ಲಿವರಿನ ಆಟವನ್ನೆಲ್ಲ ತೆಗೆದರೆ ಪಿಸ್ಟನ್ ಯಾವಾಗಲೂ ಸ್ವಲ್ಪ ಒತ್ತಿಕೊಂಡೇ ಇದ್ದು ತೂತು ಮುಚ್ಚಿರುತ್ತದೆ. ಆಗ ಹಿಗ್ಗಿದ ಆಯಿಲಿಗೆ ಹೋಗಲು ದಾರಿ ಇಲ್ಲ, ಅದು ಪ್ಯಾಡನ್ನೇ ಒತ್ತುತ್ತದೆ. ಪ್ಯಾಡ್ ಉಜ್ಜಿ ಇನ್ನಷ್ಟು ಬಿಸಿ, ಇನ್ನಷ್ಟು ಹಿಗ್ಗು. ಕೊನೆಗೆ ಕೈ ಮುಟ್ಟದೆಯೇ ಮುಂದಿನ ಚಕ್ರ ಹಿಡಿದುಕೊಳ್ಳಬಹುದು.

"ಇದನ್ನು ಮಾಡಿದ ಮೇಲೆ ಘಾಟಿ ಇಳಿದಿದ್ದೀಯಾ?"

"ಹೋದ ಆದಿತ್ಯವಾರ ಆಗುಂಬೆಯಿಂದ ಇಳಿದದ್ದು. ಸೋಮೇಶ್ವರಕ್ಕೆ ಬರುವಾಗ ಡಿಸ್ಕಿನಿಂದ ಸುಟ್ಟ ವಾಸನೆ ಬರ್ತಿತ್ತು. ಮಳೆಗೆ ಹಾಗೆ ಅಂತ..."

ಹದಿನಾಲ್ಕು ತಿರುವು, ಒದ್ದೆ ರಸ್ತೆ, ಹಿಂದೆ ಗೆಳೆಯ. ನಾನೇನೂ ಬೈಯಲಿಲ್ಲ. ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದೆ. ಹಾಲಿಲ್ಲದ ಕಣ್ಣ ಚಹಾದ ಬಣ್ಣ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿರುವಾಗ ಕುದಿಯುವುದು ಕಡಿಮೆ ಎಂದರೆ 230 ಡಿಗ್ರಿ ಸೆಲ್ಸಿಯಸ್ಸಿಗೆ. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತದೆ. ನಮ್ಮ ಕರಾವಳಿಯಲ್ಲಿ ತೇವಕ್ಕೇನು ಬರಗಾಲ? ಒಣಗಲು ಹಾಕಿದ ಬಟ್ಟೆ ಮೂರು ದಿನ ಒಣಗದ ಊರು ಇದು. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆ ಎದ್ದರೆ ಲಿವರ್ ಹ್ಯಾಂಡಲಿಗೆ ತಾಗುವವರೆಗೆ ಬರುತ್ತದೆ, ಬ್ರೇಕ್ ಬರುವುದಿಲ್ಲ. ಸ್ಕ್ರೂ ಹಿಂದೆ ತಿರುಗಿಸಿ ಲಿವರಿನ ತುದಿಯಲ್ಲಿ ಕೆಲವು ಮಿಲಿಮೀಟರ್ ಆಟ ಬಿಟ್ಟೆ. ಹೊಸ ಆಯಿಲ್ ಹಾಕಿ, ಪೈಪಿನ ಏರ್ ತೆಗೆದೆವು.

ಲಿವರ್ ಮೇಲೆ ಕೆಳಗೆ ಸ್ವಲ್ಪ ಅಲ್ಲಾಡುವುದಕ್ಕೂ ಇವನು ಔಷಧ ಮಾಡಿದ್ದ, ಪಿವೋಟ್ ಬೋಲ್ಟ್ ಬಿಗಿದು. ಅದನ್ನೂ ಸಡಿಲಿಸಿ ಲಾಕ್ ನಟ್ಟಿನಲ್ಲಿ ನಿಲ್ಲಿಸಿದೆ. ಲಿವರ್ ತಾನಾಗಿ ಹಿಂದೆ ಹಾರಬೇಕು, ಅಷ್ಟೇ.

ಕ್ಲಿಪ್ ಹಾಕಿ, ಸ್ಪ್ರಿಂಗ್ ಸರಿ ತಿರುಗಿಸಿ, ಹೊಸ ಪಿನ್ನಿನಲ್ಲಿ ಪ್ಯಾಡ್ ನೇತು ಹಾಕಿ ಎಲ್ಲ ಜೋಡಿಸುವಾಗ ಏಳು ಗಂಟೆ. ಬೈಕ್ ಅಲ್ಲಾಡಿಸಿದೆ. ಟಿಕಿಟಿಕಿ ಇಲ್ಲ. ಟಕ್ ಇದೆಯೋ ಇಲ್ಲವೋ ಎನ್ನುವಷ್ಟು. ಕ್ಯಾಲಿಪರಿನ ಜಾರುವ ಪಿನ್ನುಗಳನ್ನು ಎಳೆದು ತಳ್ಳಿ ನೋಡಿದ್ದೆ, ಬೆಣ್ಣೆಯ ಹಾಗೆ ಜಾರುತ್ತಿತ್ತು. ಸಲೀಸಾಗಿ ಜಾರುತ್ತಿದೆ, ಒಳ್ಳೆಯದಾಯಿತು ಎಂದುಕೊಂಡೆ. ಶನಿವಾರ ಸಂಜೆ, ಹೊರಗೆ ಮತ್ತೆ ಮಳೆ ಕಟ್ಟುತ್ತಿತ್ತು, ಆ ಪಿನ್ನುಗಳನ್ನು ಮುಚ್ಚುವ ರಬ್ಬರ್ ಬೂಟು ಬಿಚ್ಚಿ ನೋಡಲಿಲ್ಲ. ತಪ್ಪು ಅಲ್ಲೇ ಆದದ್ದು.

ಬುಧವಾರ

ನಾಲ್ಕನೇ ದಿನ ಬೈಕ್ ವಾಪಸು ಬಂತು. "ಟಿಕಿಟಿಕಿ ಹೋಗಿದೆ ಅಣ್ಣ, ಹ್ಯಾಂಡಲ್ ಕೂಡ ಹಗುರ ಆಯ್ತು. ಆದ್ರೆ ಆ ಒಂದು ಟಕ್ ಉಂಟಲ್ಲ, ಅದು ಬಂದಿದೆ." ಸಂಕೋಚದಿಂದ ಹೇಳಿದ, ನನ್ನ ಕೆಲಸಕ್ಕೆ ಕುಂದು ಹೇಳುತ್ತಿದ್ದೇನೆ ಎನ್ನುವ ಹಾಗೆ. ಕುಂದೇ ತಾನೆ, ಇದ್ದದ್ದನ್ನು ಹೇಳಿದ.

ಈ ಸಲ ಕೈಯಲ್ಲಿ ದಿಕ್ಕು ನೋಡಿದೆ. ನನ್ನ ಹುಡುಗ ಬ್ರೇಕ್ ಹಿಡಿದು ಬೈಕ್ ಅಲ್ಲಾಡಿಸಿದ, ನಾನು ನೆಲದಲ್ಲಿ ಕೂತು ಹೆಬ್ಬೆರಳನ್ನು ಒಂದೊಂದೇ ಸಂದಿಗೆ ಒತ್ತಿ ಹಿಡಿದೆ. ಬ್ರಾಕೆಟ್ ಮತ್ತು ಫೋರ್ಕಿನ ನಡುವೆ: ಏನೂ ಇಲ್ಲ. ಪ್ಯಾಡಿನ ಕಿವಿ ಮತ್ತು ಬ್ರಾಕೆಟ್ಟಿನ ನಡುವೆ: ಸಣ್ಣ ಕಂಪನ, ಪೆಟ್ಟಿಲ್ಲ. ಕ್ಯಾಲಿಪರಿನ ಮೈ ಮತ್ತು ಬ್ರಾಕೆಟ್ಟಿನ ನಡುವೆ, ಮೇಲಿನ ಪಿನ್ನಿನ ಬೂಟಿನ ಹತ್ತಿರ: ಹೆಬ್ಬೆರಳಿಗೆ ಚಿವುಟಿದ ಹಾಗೆ ಆಯಿತು. ಅಲ್ಲಿ ಕ್ಯಾಲಿಪರ್ ಮೇಲಕ್ಕೆ ಎದ್ದು ಕೂರುತ್ತಿತ್ತು.

ಬೂಟು ಎಳೆದು ನೋಡಿದೆ. ರಬ್ಬರ್ ಊದಿಕೊಂಡು, ಮೆತ್ತಗಾಗಿ, ಬಾಯಿ ಅಗಲವಾಗಿ ಕಚ್ಚಿನಿಂದ ಹೊರಗೆ ಬಂದಿದೆ. ಒಳಗಿಂದ ಬಂದ ಗ್ರೀಸ್ ಕಂದು ಬಣ್ಣದ್ದು, ಬೆರಳಿನ ನಡುವೆ ತಿಕ್ಕಿದರೆ ಮರಳು ಮರಳು. ಮೂಸಿದೆ. ಚೈನಿಗೆ, ಬೇರಿಂಗಿಗೆ ಹಾಕುವ ಸಾಧಾರಣ ಗ್ರೀಸ್.

ಇಲ್ಲಿಗೆ ಗಂಟು ಬಿಚ್ಚಿತು. ಬ್ರೇಕಿನ ರಬ್ಬರ್ ಬ್ರೇಕ್ ಆಯಿಲಿಗೆ ತಡೆಯುವ ಜಾತಿಯದ್ದು. ಪೆಟ್ರೋಲಿಯಂ ಎಣ್ಣೆಯ ಗ್ರೀಸ್ ತಾಗಿದರೆ ಅದು ಊದಿಕೊಳ್ಳುತ್ತದೆ. ಅದಕ್ಕೇ ಈ ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್ ಅಥವಾ ಬ್ರೇಕಿಗೆಂದೇ ಬರುವ ಗ್ರೀಸ್ ಹಾಕಬೇಕು. ಯಾರೋ ಒಳ್ಳೆಯ ಮನಸ್ಸಿನಿಂದಲೇ ಸಾಧಾರಣ ಗ್ರೀಸ್ ತುಂಬಿದ್ದಾರೆ. ಬೂಟು ಊದಿ ಬಾಯಿ ಬಿಟ್ಟಿದೆ. ತೋಡಿನ ನೀರು, ಮುರಕಲ್ಲಿನ ಪುಡಿ, ಮನೆಯಲ್ಲಿ ಪ್ರೆಶರ್ ವಾಶರ್ ಹಿಡಿದು ತೊಳೆದದ್ದು, ಎಲ್ಲ ಒಳಗೆ ಹೋಗಿದೆ. ಗ್ರೀಸಿನಲ್ಲಿ ಕೂತ ಮುರಕಲ್ಲಿನ ಪುಡಿ ಎಂದರೆ ಅರ ಹಾಕಿದ ಹಾಗೆಯೇ. ಜಾರಿದಷ್ಟು ಸಲ ಉಜ್ಜಿದೆ. ಶನಿವಾರ ನಾನು "ಬೆಣ್ಣೆಯ ಹಾಗೆ" ಎಂದುಕೊಂಡದ್ದು ಸವೆತದ ಸಲೀಸು. ದಪ್ಪ ಗ್ರೀಸ್ ತುಂಬಿದ್ದರಿಂದ ಕೈಯಲ್ಲಿ ಅಲ್ಲಾಡಿಸಿದಾಗ ಸಡಿಲ ಮೆತ್ತಗಾಗಿ ಅಡಗಿಕೊಂಡಿತ್ತು.

ಪಿನ್ ಹೊರತೆಗೆದು ವರ್ನಿಯರ್ ಹಿಡಿದೆ. ಜಾರದ ತುದಿಯಲ್ಲಿ ಸರಿಯಾಗಿ 8 ಮಿಲಿಮೀಟರ್, ಸವೆದ ಜಾಗದಲ್ಲಿ 7.8. ಅಷ್ಟೇನಾ ಎಂದು ಹುಡುಗ ಕೇಳಿದ. ಅಷ್ಟೇ. ಆದರೆ ತೂತೂ ಅಂಡಾಕಾರಕ್ಕೆ ತಿರುಗಿದೆ, ಪಿನ್ನಿನ ಸಡಿಲ ಪ್ಯಾಡಿನ ಹತ್ತಿರ ಬರುವಾಗ ಬೆಳೆಯುತ್ತದೆ. ಜೊತೆಗೆ ಇನ್ನೊಂದು ಕಂಡಿತು. ಎರಡು ಪಿನ್ನುಗಳಲ್ಲಿ ಒಂದಕ್ಕೆ ರಬ್ಬರಿನ ತೋಳು ಇರುತ್ತದೆ, ಕ್ಯಾಲಿಪರ್ ಅದುರದ ಹಾಗೆ ಹಿಡಿಯುವುದು ಅದರ ಕೆಲಸ. ಆ ತೋಳೂ ಊದಿ ಹರಿದು ಪಿನ್ನಿನ ಬುಡದಲ್ಲಿ ಮುದ್ದೆಯಾಗಿ ಕೂತಿತ್ತು.

ನೀಲಿ ಕಲೆಯ ಕತೆ ಇಲ್ಲಿ ಮುಗಿಯಿತು. ಮೈಲುತುತ್ತು ಬ್ರಾಕೆಟ್ಟಿನ ಹೊರಮೈ ಮೇಲೆ ಸಾಸಿವೆಯಷ್ಟು ಸಣ್ಣ ಗುಳಿಗಳನ್ನು ಮಾಡಿತ್ತು, ನಿಜ. ಪಿನ್ನಿನ ತೂತಿನ ಒಳಗೆ ಅದರ ಸುಳಿವೂ ಇಲ್ಲ. ಗ್ರೀಸ್ ಅಷ್ಟಾದರೂ ಉಪಕಾರ ಮಾಡಿತ್ತು.

ತೂತಿಗೆ ಬುಶ್ ಹೊಡೆದು ಕೊಡುವ ಲೇತ್ ಅಂಗಡಿ ಇದೆ, ಹುಡುಗ ಅದನ್ನೇ ಕೇಳಿದ. ಬೇರೆ ಜಾಗವಾದರೆ ನಾನೇ ಹೇಳುತ್ತಿದ್ದೆ. ಬ್ರೇಕಿನಲ್ಲಿ ಬೇಡ ಎಂದೆ. ಬ್ರಾಕೆಟ್, ಪಿನ್ನುಗಳು, ಬೂಟು, ತೋಳು ಎಲ್ಲ ಹೊಸತು ತರಿಸಲು ಒಂಬತ್ತು ದಿನ ಹಿಡಿಯಿತು. ಅಷ್ಟು ದಿನ ಬೈಕ್ ನಮ್ಮಲ್ಲೇ ನಿಂತಿತ್ತು. ತೋಟಕ್ಕೆ ಅಪ್ಪನ ಹಳೇ ಸ್ಕೂಟರಿನಲ್ಲಿ ಹೋದನಂತೆ, ಎರಡು ಸಲ ಕೆಸರಿನಲ್ಲಿ ಹೂತಿತಂತೆ. ಹೊಸ ಬ್ರಾಕೆಟ್ಟಿಗೆ ಕ್ಲಿಪ್ ಕೂರಿಸಿ, ಪಿನ್ನಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿದೆ. ತುಂಬಿದರೆ ಒಳಗಿನ ಗಾಳಿಗೆ ಜಾಗವಿಲ್ಲದೆ ಪಿನ್ ಹೊರಗೆ ತಳ್ಳಿಕೊಂಡು ಬರುತ್ತದೆ. ಬೂಟಿನ ತುಟಿ ಎರಡೂ ಕಡೆ ಕಚ್ಚಿನಲ್ಲಿ ಕೂತಿದೆಯೇ ಎಂದು ಕಡ್ಡಿಯಲ್ಲಿ ಸುತ್ತ ಎಳೆದು ನೋಡಿದೆ. ಬೋಲ್ಟುಗಳನ್ನು ಪುಸ್ತಕದಲ್ಲಿರುವ ಟಾರ್ಕಿಗೆ ಬಿಗಿದೆ. ಓಡಿಸುವ ಮೊದಲು ಲಿವರ್ ನಾಲ್ಕೈದು ಸಲ ಪಂಪ್ ಹೊಡೆದು ಗಟ್ಟಿ ಮಾಡಿದೆ. ಪಿಸ್ಟನ್ ಹಿಂದೆ ತಳ್ಳಿದ ಬೈಕಿನಲ್ಲಿ ಮೊದಲ ಬ್ರೇಕ್ ಖಾಲಿ ಹೋಗುತ್ತದೆ. ಅದನ್ನು ಮರೆತು ಇಳಿಜಾರಿಗೆ ಹೊರಟವನನ್ನು ನೋಡಿದ್ದೇನೆ.

ಮುರಕಲ್ಲು ಎರಡೂ ಮತ್ತೆ ಬಂದವು. ಬ್ರೇಕ್ ಬಿಟ್ಟು ಅಲ್ಲಾಡಿಸಿದೆ, ಶಬ್ದವಿಲ್ಲ. ಕಲ್ಲು ಸರಿಸಿ ಬ್ರೇಕ್ ಹಿಡಿದು ಅಲ್ಲಾಡಿಸಿದೆ. ಹೆಬ್ಬೆರಳಿಟ್ಟು ನೋಡಿದರೆ ಪ್ಯಾಡ್ ಕ್ಲಿಪ್ಪಿನೊಳಗೆ ಸರಿಯುವುದು ಮಾತ್ರ ಗೊತ್ತಾಯಿತು, ತೀರಾ ಸಣ್ಣಗೆ. ಅಷ್ಟು ಇರಲೇಬೇಕು. ಹುಡುಗನಿಗೂ ಹೆಬ್ಬೆರಳಿಡಲು ಹೇಳಿದೆ, ನಾಳೆ ಅದನ್ನೇ ಹೊಸ ಕಾಯಿಲೆ ಎಂದು ತರಬಾರದಲ್ಲ.

ಆಗಸ್ಟ್ ಮೊದಲ ವಾರ ವಾಟ್ಸಾಪಿನಲ್ಲಿ ಒಂದು ಆಡಿಯೋ ಬಂತು. ಬೆಳಿಗ್ಗೆ ಮೊದಲ ಎರಡು ಬ್ರೇಕಿಗೆ ಘರ್ರ್ ಎಂದು, ಮೂರನೆಯದಕ್ಕೆ ಸುಮ್ಮನಾಗುವ ಶಬ್ದ. "ಅಣ್ಣ, ಇದು ಎಂತದು?" ರಾತ್ರಿಯಿಡೀ ಮಳೆಗೆ ನಿಂತ ಬೈಕ್, ಒದ್ದೆ ಪ್ಯಾಡ್. ಚಾವಡಿಯ ಒಳಗೆ ನಿಲ್ಲಿಸು ಎಂದು ಬರೆದು ಕಳಿಸಿದೆ. ಅಲ್ಲಿ ಸ್ಕೂಟರ್ ಉಂಟು ಎಂದು ಉತ್ತರ ಬಂತು.